ದೂರ್ವಾಸಪುರಕ್ಕೆ ಮೊದಲೇ ಗೊತ್ತಿತ್ತು: ‘ಸಂಸ್ಕಾರ’ದಲ್ಲಿ ಸ್ಥಳ, ಸಂಕೇತ, ಮುನ್ಸೂಚನೆ



ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಪ್ರಕಟವಾದದ್ದು 1965ರಲ್ಲಿ. ಅಂದಿನಿಂದ ಅದರ ಸುತ್ತ ಬೆಳೆದ ಚರ್ಚೆಯಲ್ಲಿ ಹೆಚ್ಚಿನ ಪಾಲು ಅದರ ನಾಯಕ, ಪಂಡಿತ ಪ್ರಾಣೇಶಾಚಾರ್ಯರ ಅಂತರಂಗಕ್ಕೆ ಸಂದಿದೆ. ಅವರ ಪಾಪಪ್ರಜ್ಞೆ, ಅವರ ಆಯ್ಕೆ, ಅವರ ಬ್ರಾಹ್ಮಣ್ಯ ಇವೆಲ್ಲ ನಮ್ಮ ತರಗತಿಗಳಲ್ಲಿ ಬಾಯಿಪಾಠವಾಗುವಷ್ಟು ಸಲ ಬಂದುಹೋಗಿವೆ. ಬೇಕಾದ ಚರ್ಚೆಯೇ ಅದು. ಆದರೆ ಆಚಾರ್ಯರ ಮನಸ್ಸಿನೊಳಗೆ ಇಷ್ಟು ಹೊತ್ತು ಕುಳಿತ ನಾವು ಅವರ ಮನೆಯ ಅಂಗಳಕ್ಕೆ ಇಳಿದು ಸರಿಯಾಗಿ ನೋಡಿಲ್ಲ ಎಂದು ನನಗೆ ಅನ್ನಿಸುತ್ತ ಬಂದಿದೆ. ಹಿತ್ತಲಲ್ಲಿ ಏನು ಬೆಳೆದಿದೆ, ಮಾಡಿನ ಮೇಲೆ ಏನು ಕೂತಿದೆ, ಗಾಳಿ ಯಾವ ಕಡೆಯಿಂದ ಎಂಥ ವಾಸನೆ ತರುತ್ತಿದೆ, ಹೊಳೆಯ ಬಗ್ಗೆ ಊರಿನವರು ಹೇಳಿಕೊಳ್ಳುವ ಕಥೆ ಯಾವುದು, ಇವನ್ನು ಇವತ್ತು ನಿಮ್ಮೆದುರು ಇಡುತ್ತೇನೆ.

ನನ್ನ ಮಾತು ಇಷ್ಟು. ಈ ಕಿರುಕಾದಂಬರಿಯಲ್ಲಿ ಮುಂದೆ ನಡೆಯಲಿರುವುದು ಮೊದಲು ಸ್ಥಳಕ್ಕೆ ತಿಳಿಯುತ್ತದೆ, ಆಮೇಲೆ ಮನುಷ್ಯರಿಗೆ. ಮನುಷ್ಯರಲ್ಲೂ ಊರಿನ ಅಂಚಿನಲ್ಲಿ ಇರುವವರಿಗೆ ಮೊದಲು, ಅತಿ ಹೆಚ್ಚು ಓದಿದವರಿಗೆ ಎಲ್ಲರಿಗಿಂತ ಕೊನೆಗೆ. ಈ ಅನುಕ್ರಮವನ್ನು ಬರೀ ಕಥನತಂತ್ರ ಎಂದು ಕರೆದು ಮುಂದೆ ಹೋಗುವಂತಿಲ್ಲ. ಕೃತಿಯ ನೈತಿಕ ವಾದವೇ ಈ ಅನುಕ್ರಮದಲ್ಲಿ ಅಡಗಿದೆ.

ಕಥೆ ನಡೆಯುವ ಬ್ರಾಹ್ಮಣ ಅಗ್ರಹಾರ ದೂರ್ವಾಸಪುರಕ್ಕೆ ಒಂದು ಸ್ಥಳಪುರಾಣವಿದೆ. ತುಂಗೆಯ ನಡುವೆ ದ್ವೀಪದ ಹಾಗೆ ಒಂದು ಗುಡ್ಡ, ಅದರ ಮೇಲೆ ದಟ್ಟ ಮರಗಳು, ಅಲ್ಲಿ ದೂರ್ವಾಸರು ಇಂದಿಗೂ ತಪಸ್ಸು ಮಾಡುತ್ತಿದ್ದಾರೆಂಬ ನಂಬಿಕೆ. ಪಾಂಡವರು ಹತ್ತು ಮೈಲಿ ಆಚೆಯ ಕೈಮರದಲ್ಲಿ ಸ್ವಲ್ಪ ಕಾಲ ಇದ್ದರಂತೆ. ದ್ರೌಪದಿಗೆ ಜಲಕ್ರೀಡೆಯ ಆಸೆಯಾಯಿತು. ಹೆಂಡತಿಯ ಮಾತಿಗೆ ಎರಡು ಹೇಳದ ಭೀಮ ತುಂಗೆಗೆ ಅಡ್ಡ ಕಟ್ಟಿದ. ಬೆಳಿಗ್ಗೆ ಎದ್ದ ದೂರ್ವಾಸರಿಗೆ ಸ್ನಾನಕ್ಕೆ ನೀರಿಲ್ಲ, ಸಿಟ್ಟು ಏರಿತು. ಧರ್ಮರಾಜ ತನ್ನ ದಿವ್ಯದೃಷ್ಟಿಯಿಂದ ಅದನ್ನು ತಿಳಿದು ತಮ್ಮನಿಗೆ ಬುದ್ಧಿ ಹೇಳಿದ. ಭೀಮ ಕಟ್ಟೆಯನ್ನು ಮೂರು ಕಡೆ ಒಡೆದ. ಅದಕ್ಕೇ ಹೊಳೆ ಅಲ್ಲಿಂದ ಮೂರು ಕವಲಾಗಿ ಹರಿಯುತ್ತದೆ.

ಮೊದಲ ಓದಿನಲ್ಲಿ ಇದು ಊರಿನ ಪರಿಚಯಕ್ಕೆಂದು ಹೇಳಿದ ಹಗುರವಾದ ಕಥೆಯಾಗಿ ಕಾಣುತ್ತದೆ. ಎರಡನೆಯ ಸಲ ಓದುವವರಿಗೆ ಕಾದಂಬರಿ ಪೂರ್ತಿ ಇದರಲ್ಲೇ ಇದೆ. ಒಂದು ಕಡೆ ಆಸೆ, ಇನ್ನೊಂದು ಕಡೆ ತಪಸ್ಸು, ಎರಡಕ್ಕೂ ಬೇಕಾದ ಒಂದೇ ನೀರು. ಒಬ್ಬರಿಗಾಗಿ ಕಟ್ಟಿದರೆ ಇನ್ನೊಬ್ಬರಿಗೆ ಇಲ್ಲ. ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿ ಭಾಗೀರಥಿಯ ಸೇವೆಯನ್ನೇ ತಪಸ್ಸೆಂದುಕೊಂಡು ತಮ್ಮೊಳಗೆ ಕಟ್ಟಿಕೊಂಡದ್ದು ಒಂದು ಕಟ್ಟೆಯನ್ನೇ. ಪುರಾಣದಲ್ಲಿ ಆಸೆಗಾಗಿ ಕಟ್ಟೆ, ಇಲ್ಲಿ ಆಸೆಯ ವಿರುದ್ಧ ಕಟ್ಟೆ. ಅದು ಒಡೆದ ಮೇಲೆ ನೀರು ಒಂದೇ ಪಾತ್ರದಲ್ಲಿ ಹರಿಯುವುದಿಲ್ಲ ಎಂಬುದನ್ನೂ ಆ ಮೂರು ಕವಲುಗಳು ಮೊದಲೇ ಹೇಳಿಬಿಟ್ಟಿವೆ. ಹೊಳೆಗೆ ಗೊತ್ತಿರುವುದು ಅದರ ದಡದಲ್ಲಿ ನಿತ್ಯ ಮೀಯುವ ಪಂಡಿತರಿಗೆ ಗೊತ್ತಿಲ್ಲ.

ಇದೇ ಪುರಾಣಕ್ಕೆ ಒಂದು ಚಿಕ್ಕ ಬಾಲ ಅಂಟಿಕೊಂಡಿದೆ. ದ್ವಾದಶಿಯ ದಿನ ಬೆಳಗಿನ ಜಾವ ನಿಜವಾದ ನಿಷ್ಠಾವಂತನಿಗೆ ದೂರ್ವಾಸರ ಶಂಖದ ಧ್ವನಿ ಕೇಳಿಸುತ್ತದೆಂದು ಅಗ್ರಹಾರದವರು ಬೇರೆ ಊರಿನವರಿಗೆ ಹೇಳುತ್ತಾರೆ. ತಾವು ಕೇಳಿದ್ದೇವೆಂದು ಮಾತ್ರ ಯಾರೂ ಹೇಳುವುದಿಲ್ಲ. ಈ ಶಂಖವನ್ನು ನೆನಪಿನಲ್ಲಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಈಗ ಹೂವುಗಳು. ಅಗ್ರಹಾರದಲ್ಲಿ ಒಂದೊಂದು ಮನೆಯ ಹಿತ್ತಲಲ್ಲಿ ಒಂದೊಂದು ಜಾತಿಯ ಹೂವು. ಬೆಳಿಗ್ಗೆ ಅವರ ಮನೆಯ ಹೂವು ಇವರ ದೇವರಿಗೆ, ಇವರ ಮನೆಯದು ಅವರ ದೇವರಿಗೆ. ಗಿಡ ಬೆಳೆಸುವುದೇ ಪೂಜೆಗೆ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಮನೆಯ ಹೂವು ಮಾತ್ರ ಅವನ ಜೊತೆ ಬಾಳುವ ಚಂದ್ರಿಯ ಮುಡಿಗೆ ಮತ್ತು ಮಲಗುವ ಕೋಣೆಗೆ. ಅವನ ಮನೆಯ ಮುಂದೆ ರಾತ್ರಿರಾಣಿಯ ಪೊದೆ. ಅದರ ವಾಸನೆಗೆ ಹಾವು ಬರುತ್ತದೆಂದು ಊರಿಗೆಲ್ಲ ಭಯ.

ಹೂವು ಇಲ್ಲಿ ಕಾಮದ ಸಂಕೇತ ಎಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆದುಬಿಡಬಹುದು. ಅಷ್ಟಕ್ಕೆ ನಿಂತರೆ ಅನಂತಮೂರ್ತಿಯವರ ಕೌಶಲ ಕೈ ತಪ್ಪುತ್ತದೆ. ಗಮನಿಸಬೇಕಾದದ್ದು ವಾಸನೆಯ ಸ್ವಭಾವವನ್ನು. ನೋಟವನ್ನು ತಡೆಯಬಹುದು, ಬಾಗಿಲು ಹಾಕಬಹುದು, ಮಡಿ ಎಂದು ಮುಟ್ಟದೆ ಇರಬಹುದು. ವಾಸನೆಗೆ ಮಡಿಮೈಲಿಗೆ ಇಲ್ಲ, ಅದು ಬೇಲಿ ಹಾರಿ ಬರುತ್ತದೆ. ನಾರಣಪ್ಪ ಬದುಕಿದ್ದಾಗ ರಾತ್ರಿರಾಣಿಯ ವಾಸನೆಯಾಗಿ ಎಲ್ಲರ ಮನೆಯೊಳಕ್ಕೆ ಬಂದ. ಸತ್ತ ಮೇಲೆ ಹೆಣದ ವಾಸನೆಯಾಗಿ ಬಂದ. ಎರಡೂ ಬಂದದ್ದು ಒಂದೇ ದಾರಿಯಲ್ಲಿ, ಆ ಗಾಳಿಯ ದಾರಿಯನ್ನು ಕಾದಂಬರಿಕಾರರು ನಾವು ಗಮನಿಸದಂತೆ ಮೊದಲೇ ತೆರೆದಿಟ್ಟಿರುತ್ತಾರೆ. ಹೆಣ ಕೊಳೆಯತೊಡಗಿದಾಗ ಓದುಗನ ಮೂಗು ಆಗಲೇ ಸಿದ್ಧವಾಗಿರುತ್ತದೆ.

ಈ ಕೃತಿಯನ್ನು ಆಧರಿಸಿದ 1970ರ ಚಲನಚಿತ್ರದ ಬಗ್ಗೆ ಇಲ್ಲಿ ಒಂದು ಮಾತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಟಾಮ್ ಕೋವನ್ ಅವರ ಕ್ಯಾಮೆರಾ, ಪ್ರಾಣೇಶಾಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಸ್ವರ್ಣಕಮಲ ಪಡೆದ ಮೊದಲ ಕನ್ನಡ ಚಿತ್ರ ಅದು. ಅದರ ಕಪ್ಪುಬಿಳುಪಿನ ಬೀದಿಯನ್ನು, ಮಾಡಿನ ಸಾಲನ್ನು ನೋಡಿದವರು ಮರೆಯಲಾರರು. ಆದರೂ ಕಾದಂಬರಿಯ ಅರ್ಧ ಬಲ ಇರುವುದು ಮೂಗಿನಲ್ಲಿ, ಅದನ್ನು ಯಾವ ತೆರೆಯೂ ಕೊಡಲಾರದು.

ಇನ್ನು ಇಲಿಗಳು. ಶಿವಮೊಗ್ಗಕ್ಕೆ ಹೋಗಿಬಂದ ನಾರಣಪ್ಪ ಜ್ವರ ಬಂದು, ಗಡ್ಡೆಯೆದ್ದು ಸತ್ತಿದ್ದಾನೆ. ಈ ವಿವರ ಕಾದಂಬರಿಯ ಆರಂಭದಲ್ಲೇ, ಚಂದ್ರಿ ಬಂದು ಸುದ್ದಿ ಹೇಳಿದ ಹೊತ್ತಿನಲ್ಲೇ ಸಿಗುತ್ತದೆ. ಹಳೆಯ ಮೈಸೂರಿನ ಜನರಿಗೆ ಇದರ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮುಂದಿನ ದಶಕಗಳಲ್ಲಿ ಊರೂರು ಸುತ್ತಿತ್ತು. ಇಲಿ ಬಿತ್ತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಪೌಲ್-ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಅಂದಿನ ಬ್ರಿಟಿಷ್ ಭಾರತದ ಕರಾಚಿಯಲ್ಲಿ ಪ್ರಯೋಗ ನಡೆಸಿ, ಈ ರೋಗ ಚಿಗಟದಿಂದ ಹರಡುತ್ತದೆಂದು ತೋರಿಸಿದ್ದ. ಇಲಿ ಸತ್ತು ಮೈ ತಣ್ಣಗಾದಾಗ ಚಿಗಟ ಅದನ್ನು ಬಿಟ್ಟು ಬಿಸಿಯಿರುವ ಇನ್ನೊಂದು ಮೈಯನ್ನು ಹುಡುಕುತ್ತದೆ. ಹಾಗಾಗಿ ಮೊದಲು ಇಲಿ, ಆಮೇಲೆ ಮನುಷ್ಯ. ಇಲ್ಲಿ ಮುನ್ಸೂಚನೆಯನ್ನು ಕಾದಂಬರಿಕಾರರು ಕಲ್ಪಿಸಿ ಹೊರಗಿನಿಂದ ತಂದು ಇಟ್ಟಿಲ್ಲ. ರೋಗದ ನಡಿಗೆಯೇ ಹಾಗೆ. ಅವರು ಮಾಡಿದ್ದು ಆ ನಡಿಗೆಯನ್ನು ಕಥೆಯ ನಡಿಗೆಯಾಗಿ ಸ್ವೀಕರಿಸಿದ್ದು.

ಅವರು ಆ ಇಲಿಗಳನ್ನು ಎಲ್ಲಿ ಬೀಳಿಸುತ್ತಾರೆ ನೋಡಿ. ಅಗ್ರಹಾರದಾಚೆಯ ಕೇರಿಯಲ್ಲಿ, ಬೆಳ್ಳಿ ಎಂಬ ಹೆಣ್ಣಿನ ಗುಡಿಸಲಿನಲ್ಲಿ. ಇಲಿಗಳು ಒಳಗೆ ನುಗ್ಗಿ, ಗಿರಗಿರ ಸುತ್ತಿ ಸಾಯುವುದನ್ನು ಮೊದಲು ಮಾತಿನಲ್ಲಿ ಹೇಳುವವಳು ಅವಳು. ಅವಳ ಅಪ್ಪ ಅಮ್ಮ ಜ್ವರದಲ್ಲಿ ಬೇಯುತ್ತಿದ್ದಾರೆ. ಅದಕ್ಕೂ ಮೊದಲೇ ಕೇರಿಯ ಪಿಳ್ಳ ಮತ್ತು ಅವನ ಹೆಂಡತಿ ಸತ್ತಿದ್ದಾರೆ, ಹೆಣಗಳ ಸಮೇತ ಗುಡಿಸಲನ್ನು ಸುಟ್ಟಿದ್ದಾರೆ. ಅತ್ತ ಗುಡಿಸಲು ಉರಿಯುತ್ತಿದ್ದರೆ ಇತ್ತ ನಾರಣಪ್ಪನ ಹೆಣಕ್ಕೆ ಬೆಂಕಿ ಕೊಡುವವರು ಯಾರೆಂದು ಜಗಳ. ಆ ಬೆಂಕಿಯಲ್ಲಿ ಎಲ್ಲರಿಗೂ ಬೇಕಾದ ಉತ್ತರವಿತ್ತು. ಆದರೆ ಕೇರಿಯಲ್ಲಿ ನಡೆಯುವುದು ತಮಗೆ ಸಂಬಂಧಿಸಿದ್ದೆಂದು ಅಗ್ರಹಾರದ ಒಬ್ಬನಿಗೂ ಹೊಳೆಯುವುದಿಲ್ಲ. ಜಾತಿ ಇಲ್ಲಿ ಬರಿಯ ಅನ್ಯಾಯವಾಗಿ ಬಂದಿಲ್ಲ, ಕುರುಡಾಗಿಯೂ ಬಂದಿದೆ, ಮತ್ತು ಆ ಕುರುಡಿಗೆ ಜೀವದ ಬೆಲೆಯಿದೆ.

ಊರವರು ಇಷ್ಟು ಅಜ್ಞಾನಿಗಳಾಗಿರಲು ಸಾಧ್ಯವೇ ಎಂದು ಕೇಳಬಹುದು. ಕೃತಿಯೇ ಇದಕ್ಕೆ ಉತ್ತರ ಕೊಡುತ್ತದೆ. ಪಕ್ಕದ ಪಾರಿಜಾತಪುರದ ಸ್ಮಾರ್ತ ಮಂಜಯ್ಯ ಪತ್ರಿಕೆ ಓದುವವನು. ಶಿವಮೊಗ್ಗದ ಸುದ್ದಿ ಅವನಿಗೆ ಗೊತ್ತು, ಅನುಮಾನ ಅವನಿಗೆ ಬರುತ್ತದೆ. ದೂರ್ವಾಸಪುರದವರಿಗೆ ಬಾರದಿರಲು ಕಾರಣ ಬುದ್ಧಿ ಕಡಿಮೆ ಎಂದಲ್ಲ. ಅವರು ಹಸಿದಿದ್ದಾರೆ, ಹೆಣ ಎತ್ತುವವರೆಗೆ ಊಟವಿಲ್ಲ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಕಣ್ಣು ಚಂದ್ರಿ ಬಿಚ್ಚಿಟ್ಟ ಒಡವೆಯ ಮೇಲಿದೆ. ಉಳಿದವರೆಲ್ಲ ಆ ಹೆಣದ ಪ್ರಶ್ನೆಗೆ ಉತ್ತರವೆಂದು ತಾಳೆಗರಿಯೊಳಗೆ ಆಚಾರ್ಯರು ಹುಡುಕುತ್ತಿರುವ ವಾಕ್ಯಕ್ಕೆ ಕಾಯುತ್ತಿದ್ದಾರೆ. ಕಣ್ಣ ಮುಂದಿನದನ್ನು ಓದಲು ಯಾರಿಗೂ ಪುರುಸೊತ್ತಿಲ್ಲ.

ಹದ್ದುಗಳಿಗೆ ಬರೋಣ, ನನ್ನ ಪಾಲಿಗೆ ಇಡೀ ಕೃತಿಯ ಶಿಖರ ಇದು. ಸತ್ತ ಇಲಿಗಳನ್ನು ಅರಸಿ ರಣಹದ್ದುಗಳು ಬಂದು ಮನೆಗಳ ಮಾಡಿನ ಮೇಲೆ ಕೂರುತ್ತವೆ. ಬ್ರಾಹ್ಮಣರಿಗೆ ಇದು ಅಪಶಕುನ. ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಬಿದ್ದಿರುವುದರ ಫಲ ಎಂದು ಅವರ ತೀರ್ಮಾನ. ದೇವರ ಮನೆಗಳಿಂದ ಜಾಗಟೆ, ಶಂಖ ತಂದು ಬಡಿಯುತ್ತಾರೆ, ಊದುತ್ತಾರೆ. ಸುಡುಬಿಸಿಲಿನ ಮಧ್ಯಾಹ್ನ, ಪೂಜೆ ನಿಂತುಹೋದ ಊರಿನಲ್ಲಿ, ಮಹಾಮಂಗಳಾರತಿಯ ಸದ್ದು.

ಹೊಳೆಯ ನಡುವಿನ ಗುಡ್ಡದಿಂದ ಬರಬೇಕಾದ, ಯಾರೂ ಎಂದೂ ಕೇಳದ ಆ ಶಂಖ ಕೊನೆಗೂ ದೂರ್ವಾಸಪುರದಲ್ಲಿ ಕೇಳಿಸಿತು. ಊದಿದವರು ಋಷಿಗಳಲ್ಲ, ಹೆದರಿದ ಗೃಹಸ್ಥರು. ಕರೆದದ್ದು ದೇವರನ್ನಲ್ಲ, ಓಡಿಸಿದ್ದು ಹಕ್ಕಿಗಳನ್ನು. ಸ್ಥಳಪುರಾಣದ ಆ ಒಂದು ವಾಕ್ಯವನ್ನು ಹಗುರವಾಗಿ ಹೇಳಿ ಬಿಟ್ಟ ಲೇಖಕರು ಅದಕ್ಕೆ ಇಷ್ಟು ದೂರದಲ್ಲಿ ಹೀಗೆ ಉತ್ತರ ಕೊಡುತ್ತಾರೆ, ಅದೂ ಇದು ಅದರ ಉತ್ತರ ಎಂದು ಎಲ್ಲೂ ತೋರಿಸದೆ. ಕನ್ನಡ ಗದ್ಯದಲ್ಲಿ ಇಷ್ಟು ಸಂಯಮದ ಜೋಡಣೆಯನ್ನು ನಾನು ಹೆಚ್ಚು ಕಂಡಿಲ್ಲ.

ಇಲ್ಲಿ ಒಂದು ಭೇದವನ್ನು ವಿದ್ಯಾರ್ಥಿಗಳು ಹಿಡಿದುಕೊಳ್ಳಬೇಕೆಂದು ನನ್ನ ಕಳಕಳಿ. ಹದ್ದು ಪಾತ್ರಗಳಿಗೆ ಸಂಕೇತ, ಓದುಗನಿಗೆ ಸಾಕ್ಷ್ಯ. ಬ್ರಾಹ್ಮಣರು ಅದರಲ್ಲಿ ಅರ್ಥವನ್ನು ಹುಡುಕಿದ್ದರಿಂದಲೇ ಅದರ ಕೆಳಗೆ ಬಿದ್ದಿದ್ದ ಇಲಿಯನ್ನು ಕಾಣಲಿಲ್ಲ. ಹದ್ದನ್ನು ಹದ್ದಾಗಿ ಮಾತ್ರ ನೋಡಿದ್ದರೆ ಬದುಕುತ್ತಿದ್ದವರು ಅದನ್ನು ದೈವದ ಬರಹವಾಗಿ ಓದಿ ಸತ್ತರು. ಸಾಹಿತ್ಯ ಓದುವ ನಮಗೂ ಇದು ಎಚ್ಚರಿಕೆ. ಪ್ರತಿ ವಸ್ತುವಿಗೂ ತಕ್ಷಣ ಒಂದು ಸಂಕೇತಾರ್ಥ ಹಚ್ಚುವ ವಿಮರ್ಶೆ ದೂರ್ವಾಸಪುರದ ಜಗಲಿಯ ಮೇಲೆ ಕುಳಿತ ವಿಮರ್ಶೆ. ಅನಂತಮೂರ್ತಿಯವರ ಇಲಿ ಮೊದಲು ಇಲಿ, ಹೂವು ಮೊದಲು ಹೂವು. ಅರ್ಥ ಅದರ ಹಿಂದೆ ತಡವಾಗಿ ಬರುತ್ತದೆ, ಬಂದಾಗ ಭಾರವಾಗಿರುತ್ತದೆ.

ಆಲ್ಬರ್ಟ್ ಕಾಮೂ 1947ರಲ್ಲಿ ಪ್ರಕಟಿಸಿದ ‘ಪ್ಲೇಗ್’ ಕಾದಂಬರಿಯಲ್ಲೂ ಮೊದಲು ಸಿಗುವುದು ಸತ್ತ ಇಲಿ. ಓರಾನ್ ನಗರದಲ್ಲಿ ಡಾಕ್ಟರ್ ರಿಯೂನ ಕಾಲಿಗೆ ಅದು ಮೃದುವಾಗಿ ತಾಗುತ್ತದೆ. ಆದರೆ ಅಲ್ಲಿ ಡಾಕ್ಟರಿದ್ದಾನೆ, ಲೆಕ್ಕ ಇಡುವ ಪೌರಾಡಳಿತವಿದೆ, ರೇಡಿಯೊ ಇದೆ, ತಡವಾಗಿಯಾದರೂ ರೋಗಕ್ಕೆ ಅದರ ಹೆಸರು ಸಿಗುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಅನಂತಮೂರ್ತಿ ಇಂಗ್ಮರ್ ಬರ್ಗ್‌ಮನ್ನರ ‘ಸೆವೆಂತ್ ಸೀಲ್’ ಚಿತ್ರ ನೋಡಿದ್ದು, ಅದು ‘ಸಂಸ್ಕಾರ’ಕ್ಕೆ ಪ್ರೇರಣೆಯಾದದ್ದು ಅವರೇ ಹೇಳಿಕೊಂಡ ಸಂಗತಿ. ಅದೂ ಪ್ಲೇಗಿನ ನಾಡಿನಲ್ಲಿ ನಡೆಯುವ ಕಥೆ. ಆದರೆ ಆ ಚಿತ್ರದಲ್ಲಿ ಸಾವು ಮನುಷ್ಯರೂಪದಲ್ಲಿ ಎದುರು ಕೂತು ಚದುರಂಗ ಆಡುತ್ತದೆ, ದೂರ್ವಾಸಪುರದಲ್ಲಿ ಅದು ಉಗ್ರಾಣದ ಮೂಲೆಯಲ್ಲಿ ಬಾಲ ಮೇಲೆ ಮಾಡಿ ಬಿದ್ದಿರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಹುಟ್ಟಿದ ಹುಡುಗನ ಕಣ್ಣು ಕಂಡ ಸಾವು ಅದು.

ಆಚಾರ್ಯರ ಕಾಡಿಗೆ ಈಗ. ಗ್ರಂಥಗಳಲ್ಲಿ ಉತ್ತರ ಸಿಗದೆ ಅವರು ಹೊಳೆಯಾಚೆ ಮಾರುತಿಯ ಗುಡಿಗೆ ಹೋಗುತ್ತಾರೆ. ದೇವರ ಬಲಗಡೆಯ ಹೂ ಬಿದ್ದರೆ ಒಂದು ಉತ್ತರ, ಎಡಗಡೆಯದು ಬಿದ್ದರೆ ಇನ್ನೊಂದು. ಹಗಲೆಲ್ಲ ಕುಳಿತರೂ ಯಾವ ಹೂವೂ ಬೀಳುವುದಿಲ್ಲ. ಅಗ್ರಹಾರದ ತುಂಬ ಸೂಚನೆಗಳು ಬಿದ್ದು ಕೊಳೆಯುತ್ತಿರುವಾಗ ಇವರು ಸೂಚನೆ ಕೇಳಿದ ಒಂದೇ ಜಾಗದಲ್ಲಿ ಸೂಚನೆಯಿಲ್ಲ. ಸೋತು ಹೊರಬಂದವರಿಗೆ ಕತ್ತಲಿನ ಕಾಡಿನಲ್ಲಿ ಚಂದ್ರಿ ಎದುರಾಗುತ್ತಾಳೆ. ಅಲ್ಲಿ ಅವರಿಬ್ಬರೂ ಕೂಡಿದ್ದು ನಿಮಗೆಲ್ಲ ಗೊತ್ತು. ನಾನು ತೋರಿಸಬೇಕೆಂದದ್ದು ಅದರ ನಂತರದ್ದು. ಆ ರಾತ್ರಿಯ ಮೇಲೆ ಅವರ ಇಂದ್ರಿಯಗಳು ಎಚ್ಚರಗೊಳ್ಳುತ್ತವೆ. ಹುಲ್ಲು, ಬೇರು, ಮಣ್ಣು ಮೂಗಿಗೆ ತಾಗುತ್ತವೆ. ಇಷ್ಟು ವರ್ಷ ಕೈಯಾರೆ ಮೀಯಿಸಿದ ಹೆಂಡತಿಯ ಬತ್ತಿದ ಮೈ ಮೊದಲ ಬಾರಿ ಕಣ್ಣಿಗೆ ಕಾಣುತ್ತದೆ. ಭಾಗೀರಥಿ, ನದಿಯ ಹೆಸರಿನ ಆ ಬತ್ತಿದ ಹೆಣ್ಣು, ಮೊದಲ ಪುಟದಿಂದಲೂ ಅಲ್ಲೇ ಇದ್ದಳು. ಕಾದಂಬರಿ ಶುರುವಾಗುವುದೇ ಅವಳ ಸ್ನಾನದಿಂದ. ನಾವು ಕಂಡಿದ್ದೆವು, ಅವರು ಕಂಡಿರಲಿಲ್ಲ.

ಈ ಭಾಗದಲ್ಲಿ ನನಗೆ ಒಂದು ತಕರಾರೂ ಇದೆ, ಅದನ್ನು ಮುಚ್ಚಿಡುವುದು ಈ ಕೃತಿಯ ಮೇಲಿನ ಗೌರವಕ್ಕೆ ಸಲ್ಲದು. ಅಗ್ರಹಾರದ ಹೆಂಗಸರೆಲ್ಲ ಬಾಡಿದವರು, ಕೆಳಜಾತಿಯ ಬೆಳ್ಳಿ ಮತ್ತು ವೇಶ್ಯೆ ಚಂದ್ರಿ ಮಾತ್ರ ಹೊಳೆ, ಕಾಡು, ಮಣ್ಣಿನಷ್ಟು ಸಮೃದ್ಧರು ಎಂಬ ವಿಂಗಡಣೆ ತೀರಾ ಅಚ್ಚುಕಟ್ಟಾಗಿದೆ. ಇಲಿಗಳ ವಿಷಯದಲ್ಲಿ ವಸ್ತುವನ್ನು ವಸ್ತುವಾಗಿರಲು ಬಿಟ್ಟ ಲೇಖಕರು ಈ ಇಬ್ಬರನ್ನು ಅಷ್ಟು ಬಿಡಲಿಲ್ಲ. ಹೊಳೆಯ ದಡದಲ್ಲಿ ಅಗ್ರಹಾರದ ಯುವಕ ಶ್ರೀಪತಿಯ ಕಣ್ಣಿಗೆ ಬೀಳುವ ಬೆಳ್ಳಿ ಪ್ರಕೃತಿಯ ಭಾಗವಾಗಿಬಿಡುತ್ತಾಳೆ. ಅಪ್ಪ ಅಮ್ಮನನ್ನು ಕಳೆದುಕೊಂಡ ಬೆಳ್ಳಿಗೆ ಕಥೆಯಲ್ಲಿ ಸಿಗುವ ಜಾಗ ಬಹಳ ಕಡಿಮೆ. ಮೊದಲು ಇಲಿ ಕಂಡವಳ ದುಃಖ ಅಷ್ಟು ಬೇಗ ಮರೆಯಾಗಬಾರದಿತ್ತು.

ಚಂದ್ರಿಗೆ ಮಾತ್ರ ಕಥೆ ಒಂದು ದೊಡ್ಡ ಕೆಲಸ ವಹಿಸುತ್ತದೆ. ಶಾಸ್ತ್ರಕ್ಕೆ ಕಾಯದೆ, ಮೀನು ವ್ಯಾಪಾರದ ಅಹಮದ್ ಬ್ಯಾರಿಯ ನೆರವಿನಿಂದ, ರಾತ್ರಿ ಗಾಡಿಯಲ್ಲಿ ಹೆಣ ಸಾಗಿಸಿ ಸುಡಿಸಿ, ಅವಳು ಕುಂದಾಪುರದ ದಾರಿ ಹಿಡಿಯುತ್ತಾಳೆ. ಇದು ಅಗ್ರಹಾರದವರಿಗೆ ಗೊತ್ತಿಲ್ಲ, ಆಚಾರ್ಯರಿಗೂ ಗೊತ್ತಿಲ್ಲ. ನಮಗೆ ಗೊತ್ತು.

ಭಾಗೀರಥಿಯೂ ಪ್ಲೇಗಿಗೆ ಬಲಿಯಾಗುತ್ತಾಳೆ. ಅವಳನ್ನು ದಹಿಸಿ ಆಚಾರ್ಯರು ಗುರಿಯಿಲ್ಲದೆ ನಡೆಯತೊಡಗುತ್ತಾರೆ, ದಾರಿಯಲ್ಲಿ ಮಾಲೇರ ಪುಟ್ಟ ಎಂಬವನು ಜೊತೆಯಾಗುತ್ತಾನೆ, ಇಬ್ಬರೂ ಮೇಳಿಗೆಯ ತೇರಿಗೆ ಬರುತ್ತಾರೆ. ಕೃತಿಯ ಸ್ಥಳವಿನ್ಯಾಸ ಇಲ್ಲಿ ಪೂರ್ತಿ ತಿರುಗುತ್ತದೆ. ಎದುರುಬದುರು ಮನೆಗಳ ಒಂದೇ ಬೀದಿಯಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲ ಜಾಗದಿಂದ ಯಾರೂ ಯಾರನ್ನೂ ಅರಿಯದ ಜಾತ್ರೆಗೆ ಬಂದಿದ್ದೇವೆ. ಸೋಡಾ, ಕಾಫಿ, ಡೊಂಬರಾಟ, ಕೋಳಿ ಅಂಕ. ಕಾಲಿಗೆ ಕತ್ತಿ ಕಟ್ಟಿದ ಹುಂಜಗಳ ಸುತ್ತ ಕುಕ್ಕರಗಾಲಿನಲ್ಲಿ ಕುಳಿತವರ ಕಣ್ಣುಗಳನ್ನು ಕಂಡು ಆಚಾರ್ಯರು ನಡುಗುತ್ತಾರೆ. ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ, ಗುರುತು ಸಿಕ್ಕಿತೆಂಬ ಭಯಕ್ಕೆ ಎದ್ದು ಓಡುತ್ತಾರೆ. ಅಗ್ರಹಾರದಲ್ಲಿ ಸ್ಥಳವೇ ಅವರ ಬಗ್ಗೆ ಎಲ್ಲವನ್ನೂ ಹೇಳುತ್ತಿತ್ತು. ಇಲ್ಲಿ ಅವರ ಬಗ್ಗೆ ಹೇಳಬೇಕಾದವರು ಅವರೊಬ್ಬರೇ, ಆ ಬಾಯಿ ತೆರೆಯುತ್ತಿಲ್ಲ.

ಜಾನ್ ಸ್ಟೈನ್‌ಬೆಕ್‌ರ 1937ರ ‘ಆಫ್ ಮೈಸ್ ಆ್ಯಂಡ್ ಮೆನ್’, ಸ್ಥಳವೇ ಮುಂದಿನದನ್ನು ಹೇಳುವ ಬಗೆಗೆ ಒಳ್ಳೆಯ ಹೋಲಿಕೆ. ಕ್ಯಾಲಿಫೋರ್ನಿಯಾದ ಸೊಲೆಡಾಡ್ ಬಳಿ ಸಲೀನಸ್ ನದಿಯ ಮಡುವಿನಲ್ಲಿ ಶುರುವಾದ ಕಥೆ ಅದೇ ಮಡುವಿನಲ್ಲಿ ಮುಗಿಯುತ್ತದೆ. ಏನಾದರೂ ಎಡವಟ್ಟಾದರೆ ಇಲ್ಲಿಗೇ ಬಂದು ಅಡಗಿಕೊ ಎಂದು ಜಾರ್ಜ್ ಮೊದಲೇ ತನ್ನ ಗೆಳೆಯ ಲೆನಿಗೆ ಹೇಳಿರುತ್ತಾನೆ. ಕೊನೆಯಲ್ಲಿ ಕೊಕ್ಕರೆಯೊಂದು ನೀರುಹಾವನ್ನು ನುಂಗುವುದನ್ನು ಕಂಡಾಗ ಲೆನಿಯ ಗತಿ ನಮಗೆ ತಿಳಿದುಹೋಗುತ್ತದೆ. ಅಲ್ಲಿ ಸ್ಥಳ ಹೇಳಿದ ಮಾತನ್ನು ಸ್ಥಳವೇ ಪೂರೈಸುತ್ತದೆ.

‘ಸಂಸ್ಕಾರ’ ಹಾಗೆ ಮರಳಿ ಬರುವುದಿಲ್ಲ. ಆಚಾರ್ಯರು ಎಲ್ಲವನ್ನೂ ಹೇಳಿಬಿಡಬೇಕೆಂದು ದೂರ್ವಾಸಪುರದ ಕಡೆಗೆ ಗಾಡಿ ಹತ್ತುತ್ತಾರೆ, ನಾಲ್ಕೈದು ಗಂಟೆಯ ದಾರಿ ಬಾಕಿ ಇರುವಾಗಲೇ ಪುಸ್ತಕ ಮುಗಿಯುತ್ತದೆ. ಈ ಅಂತ್ಯವನ್ನು ಲೇಖಕರ ಹಿಂಜರಿಕೆ ಎಂದು ಕೆಲವರು ಕರೆಯುತ್ತಾರೆ. ನಾನು ಒಪ್ಪುವುದಿಲ್ಲ. ಕೊನೆಯ ಪುಟದ ಆವರಣವನ್ನೇ ನೋಡಿ. ಆಕಾಶದಲ್ಲಿ ಸಪ್ತರ್ಷಿಮಂಡಲ ಸ್ಪಷ್ಟವಾಗಿದೆ, ಎಲ್ಲೋ ವಾದ್ಯದ ಸದ್ದು, ಅಲ್ಲಲ್ಲಿ ದೀವಟಿಗೆ. ಇವುಗಳಲ್ಲಿ ಯಾವುದೂ ಯಾವುದನ್ನೂ ಮುನ್ಸೂಚಿಸುವುದಿಲ್ಲ. ಇಡೀ ಕೃತಿಯುದ್ದಕ್ಕೂ ಸ್ಥಳದ ಸೂಚನೆಗಳನ್ನು ಓದಿ ಪಾತ್ರಗಳಿಗಿಂತ ಒಂದು ಹೆಜ್ಜೆ ಮುಂದಿದ್ದ ನಮ್ಮಿಂದ ಲೇಖಕರು ಆ ಅನುಕೂಲವನ್ನು ಇಲ್ಲಿ ಹಿಂದಕ್ಕೆ ಪಡೆದುಕೊಳ್ಳುತ್ತಾರೆ. ಹೆಣ ಬೂದಿಯಾಗಿರುವುದು ನಮಗೆ ಗೊತ್ತು, ಆದ್ದರಿಂದ ಯಾವ ಸಮಸ್ಯೆಗೆ ಉತ್ತರ ಹೊತ್ತು ಆಚಾರ್ಯರು ಹೊರಟಿದ್ದಾರೋ ಆ ಸಮಸ್ಯೆ ಅಲ್ಲಿ ಉಳಿದಿಲ್ಲ ಎಂಬುದೂ ಗೊತ್ತು. ಉಳಿದಿರುವುದು ಅವರು ಆಡಬೇಕಾದ ಮಾತು ಮಾತ್ರ. ಆ ಮಾತನ್ನು ಮುಂಚಿತವಾಗಿ ಹೇಳಬಲ್ಲ ಹೊಳೆ, ಹೂವು, ಹಕ್ಕಿ ಯಾವುದೂ ಇಲ್ಲದಿರುವುದರಿಂದಲೇ ಅದು ಪ್ರಾಣೇಶಾಚಾರ್ಯರ ಬದುಕಿನಲ್ಲಿ ಅವರದೇ ಆದ ಮೊದಲ ಮಾತಾಗಲು ಸಾಧ್ಯವಿದೆ.